ಮುಚ್ಚಳ ಬಿಗಿದ ಕೈ

ಸುಗಂಧದ ಕಾರ್ಖಾನೆಯಲ್ಲಿ ಸೀಸೆಗಳಿಗೆ ಮುಚ್ಚಳ ಬಿಗಿಯುವುದು ಅವಳ ಕೆಲಸ. ಮದುವೆಗೆ ಮುಂಚಿನಿಂದಲೂ ಅದೇ. ಸಾಲಾಗಿ ಸಾಗಿಬರುವ ಪುಟ್ಟ ಸೀಸೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಮುಚ್ಚಳ ತಿರುಗಿಸಿ, ಮುಂದಕ್ಕೆ ಬಿಡಬೇಕು. ಬೆಳಗಿನ ಬಿಸಿಲು ಗಾಜಿನೊಳಗೆ ಇಳಿದಾಗ ಇಡೀ ಸಾಲು ಹೊಂಬಣ್ಣದ ಹೊಳೆಯಂತೆ ಹರಿಯುತ್ತಿತ್ತು. ನೋಡನೋಡುತ್ತ ತಾನು ಕೂತಿದ್ದೇನೋ ತೇಲುತ್ತಿದ್ದೇನೋ ಅವಳಿಗೆ ತಿಳಿಯುತ್ತಿರಲಿಲ್ಲ.

ಮೊದಲು ಬೆರಳಿಗೆ ಜೋಮು ಹಿಡಿಯಿತು. ಆಮೇಲೆ ಮಣಿಕಟ್ಟಿನೊಳಗೆ ಇರುವೆ ಹರಿದಂತಾಯಿತು. ಕೊನೆಕೊನೆಗೆ ಬಾಚಣಿಗೆ ಕೈಯಲ್ಲಿದೆಯೋ ಇಲ್ಲವೋ ಕಣ್ಣಿಂದ ನೋಡಿಯೇ ತಿಳಿಯಬೇಕು. ರಜೆಯ ಮಧ್ಯಾಹ್ನ ಕಣ್ಣು ಹತ್ತಿದರೆ ಒಂದೇ ಕನಸು: ಆಕಾಶದ ತುಂಬ ಸೀಸೆಗಳು, ಒಂದಕ್ಕೂ ಮುಚ್ಚಳವಿಲ್ಲ, ಪರಿಮಳವೆಲ್ಲ ಮಂಜಾಗಿ ಮನೆಗಳ ಮೇಲೆ ಇಳಿಯುತ್ತಿದೆ.

"ನಿದ್ದೇಲೂ ಕೈ ತಿರುಗಿಸ್ತೀಯಲ್ಲೇ," ಎಂದರು ಅತ್ತೆ. "ನನ್ನ ಕತ್ತು ಅಂದ್ಕೊಂಡಿದೀಯೋ ಏನೋ!"

ಮಣಿಕಟ್ಟಿನ ನರ ಒತ್ತಿಹೋಗಿದೆ, ಆಪರೇಷನ್ ಆಗಬೇಕು ಎಂದರು ಡಾಕ್ಟರು. ಅದು ತಮ್ಮಿಂದ ಆದದ್ದಲ್ಲ ಎಂದು ಕಾರ್ಖಾನೆ ಕೈ ತೊಳೆದುಕೊಂಡಿತು. ಅವಳು ಕಾರ್ಮಿಕರ ಪರಿಹಾರ ಕಚೇರಿಗೆ ಅರ್ಜಿ ಹಾಕಿದಳು. ಗಂಡ ಲಾರಿ ಹತ್ತಿ ದೂರ ಹೋಗಿದ್ದರಿಂದ ವಿಚಾರಣೆಯ ದಿನ ಅತ್ತೆಯೇ ಜೊತೆಗೆ ಹೊರಟರು.

"ಕೆಲಸ ಹೂವೆತ್ತಿದಷ್ಟು ಹಗುರ, ಮೇಡಂ," ಎಂದು ಕಾರ್ಖಾನೆಯ ವಕೀಲರು ಅಧಿಕಾರಿಗೆ ಹೇಳಿದರು. "ಮನೇಲಿ ಬಟ್ಟೆ ಹಿಂಡಿ, ಹಿಟ್ಟು ನಾದಿ, ಪಾತ್ರೆ ಉಜ್ಜಿ ಹೀಗಾಗಿದೆ. ಅದಕ್ಕೆ ನಾವೇನು ಮಾಡೋದು?"

ಅವಳಿಗೆ ವಕೀಲರ ಮಾತು ನೀರಿನಡಿಯಿಂದ ಕೇಳಿಬಂದಂತಿತ್ತು. ಕಿಟಕಿಯ ಬೆಳಕಿನಲ್ಲಿ ಧೂಳಿನ ಕಣಗಳು ನಿಧಾನ ಸುತ್ತುತ್ತಿದ್ದವು. ಅವಳ ಮನಸ್ಸೂ ಅವುಗಳ ಜೊತೆ ಹೊರಟುಹೋಯಿತು.

ಹಿಂದಿನ ಬೆಂಚು ಕಿರುಗುಟ್ಟಿತು. ಅತ್ತೆ ಎದ್ದು ನಿಂತಿದ್ದರು.

"ಪಾತ್ರೆನಾ? ಇವಳಾ? ನಮ್ಮನೆಗೆ ಕಾಲಿಟ್ಟಾಗಿಂದ ಒಂದು ಲೋಟ ತೊಳೆದವಳಲ್ಲ! ಬೀದೀಲಿ ಯಾರನ್ನ ಬೇಕಾದ್ರೂ ಕೇಳಿ. ಸೊಸೆ ಕಡ್ಡಿ ಎತ್ತಿಡಲ್ಲ ಅಂತ ನಾನು ಆಡ್ಕೊಳ್ಳದ ಮನೆ ಇಲ್ಲ. ಹಿಂಡೋಳು ನಾನು, ನಾದೋಳು ನಾನು. ಕೆಲಸದಿಂದ ಬಂದು ಹೊಸ್ತಿಲಲ್ಲೇ ಕೂತುಬಿಡ್ತಾಳೆ. ತುತ್ತು ಎತ್ತಕ್ಕೂ ಕೈ ಬರಲ್ಲ. ಚಳಿಗಾಲದಿಂದ ನಾನೇ ತಿನ್ನಿಸ್ತಾ ಇದೀನಿ."

ಅಧಿಕಾರಿ ನಗು ಅದುಮಿಕೊಂಡು ತಮ್ಮ ಪೆನ್ನು ಚಾಚಿದರು. "ಇದರ ಮುಚ್ಚಳ ತೆಗೀಮ್ಮ, ನೋಡೋಣ."

ಅವಳು ಬಲಗೈಯಲ್ಲಿ ತೆಗೆದುಕೊಂಡಳು. ನೆಲದ ಮೇಲೆ ಟಣ್ ಎಂದು ಸದ್ದಾದಾಗಲೇ ಪೆನ್ನು ಜಾರಿದ್ದು ಅವಳಿಗೆ ಗೊತ್ತಾದದ್ದು.

ಹೊರಗೆ ಮೆಟ್ಟಿಲಿಳಿಯುತ್ತ ಅವಳು ಕೇಳಿದಳು: "ಇಷ್ಟು ವರ್ಷ ಬೀದಿ ತುಂಬ ನನ್ನ ಆಡ್ಕೊಂಡ್ರಾ, ಅತ್ತೆ?"

"ಮತ್ತೆ? ಬಾಯಿಗೆ ಬೀಗ ಹಾಕ್ಕೊಂಡು ಕೂರಕ್ಕಾಗುತ್ತಾ?"

ಅವಳಿಗೆ ಸಿಟ್ಟು ಬರಬೇಕಿತ್ತು. ನಗು ಬಂತು, ಅದರ ಹಿಂದೆಯೇ ಅಳು.

ತೀರ್ಪು ಅವಳ ಕಡೆಗಾಯಿತು. ಆಪರೇಷನ್ನಿನ ಖರ್ಚು, ಮನೆಯಲ್ಲಿ ಕೂತಷ್ಟು ದಿನದ ಸಂಬಳ ಎಲ್ಲ ಕಾರ್ಖಾನೆಯದೇ. ಮತ್ತೆ ಅವಳನ್ನು ಮುಚ್ಚಳದ ಸಾಲಿಗೆ ಕೂರಿಸುವಂತಿಲ್ಲ. ಹೆಬ್ಬೆರಳಿಗೆ ಮಾತ್ರ ಹಿಂದಿನ ಬಲ ಬರಲೇ ಇಲ್ಲ.

ಕಟ್ಟು ಬಿಚ್ಚಿದ ಮೇಲೆ ಒಂದು ಸಂಜೆ ಅತ್ತೆ ಬಿಸಿನೀರಿನ ಬೋಗುಣಿ ತಂದು ಅವಳ ಕೈಯನ್ನು ಅದರಲ್ಲಿ ಇಳಿಸಿದರು. ಅರೆನಿದ್ದೆಯಲ್ಲಿ ಅವಳಿಗೆ ಎಲ್ಲೋ ದೂರದಿಂದ ಯಾರೋ ಕರೆದಂತಾಯಿತು. ಕರೆ ಹತ್ತಿರ ಬಂತು, ಬೆರಳ ತುದಿಗೇ ಬಂತು.

"ಅಯ್ಯೋ, ಸುಡ್ತಿದೆ ಅತ್ತೆ!"

"ಸುಡ್ತಿದೆಯಾ?" ಅತ್ತೆಯ ಮುಖ ಅರಳಿತು. "ನಿಜವಾಗ್ಲೂ ಸುಡ್ತಿದೆಯೇನೇ?"