ಅಲಾನ್‌ನ ನೆರಿಗೆ ಚಲ್ಲಣ

"ಇದನ್ನೇ ಕತ್ತರಿಸು," ಎಂದು ಮಾರಿವೋನ್ ಗಂಡನ ಚಲ್ಲಣವನ್ನು ತಂದು ಹಾಕಿದಳು. ಊಟದ ಮೇಜಿನ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತಿದ್ದ ದರ್ಜಿ ಕೊರೆಂಟಿನ್ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟ.

ಸೊಂಟದ ಸುತ್ತ ಒತ್ತೊತ್ತಾಗಿ ನೆರಿಗೆ ಹಿಡಿದು, ಮೊಣಕಾಲಿನವರೆಗೆ ಉಬ್ಬಿ ನಿಲ್ಲುವ ಚಲ್ಲಣ. ಫ್ರಾನ್ಸಿನ ಬ್ರಿಟನಿ ಸೀಮೆಯ ಗಂಡಸರು ಈಗ ಅದನ್ನು ತೊಡುವುದನ್ನೇ ಬಿಟ್ಟಿದ್ದರು. ಕೆಂಪೇರ್ ಪೇಟೆಯ ಉದ್ದ ಷರಾಯಿಗಳು ಹಳ್ಳಿಗೂ ಬಂದಿದ್ದವು. ಮೂವತ್ತೆರಡು ವರ್ಷದ ಹಿಂದೆ ಅಲಾನ್‌ನ ಮದುವೆಗೆ ಇದನ್ನು ಹೊಲಿದವನು ಕೊರೆಂಟಿನ್. ಅಲಾನ್‌ಗಾಗಿ ಮಾರಿವೋನಳ ಮನೆಗೆ ಹೆಣ್ಣು ಕೇಳಲು ಹೋದವನೂ ಅವನೇ. ಮನೆಮನೆಗೆ ಹೋಗಿ ಹೊಲಿಯುವ ದರ್ಜಿಯ ಪಾಲಿಗೆ ಆ ಕೆಲಸವೂ ಸೇರಿತ್ತು. ಕುಂಟ ದರ್ಜಿಗೂ ಹೆಂಡತಿ ಬೇಕಂತೆ ಎಂದು ಊರು ನಕ್ಕೀತೆಂದು, ತನ್ನ ಮನಸ್ಸನ್ನು ಅವನು ಯಾರಿಗೂ ಹೇಳಿರಲಿಲ್ಲ.

"ಏನ್ ಮಾಡ್ಲಿ ಇದನ್ನ?"

"ಚಳಿಗೆ ನಂಗೊಂದು ಒಳಲಂಗ. ಅಲಾನ್ ಹೋಗಿ ವರ್ಷ ಆಯ್ತು. ಪೆಟ್ಟಿಗೇಲಿಟ್ರೆ ನುಸಿ ತಿನ್ನತ್ತೆ."

"ಇದರ ಜೊತೆ ಕಾಲುಗವಸು ಇತ್ತಲ್ಲ?"

"ಅದನ್ನ ಹಾಕೇ ಮಣ್ಣು ಮಾಡಿದ್ವಿ. ಭಾನುವಾರ ಬಂತೂಂದ್ರೆ ಅದರ ಗುಂಡಿ ಹಾಕೋಕೆ ನನ್ನೇ ಕೂಗೋನು. ಹೊಟ್ಟೆ ಅಡ್ಡ ಬರ್ತಿತ್ತು, ಬಗ್ಗೋಕಾಗ್ತಿರ್ಲಿಲ್ಲ." ಅವಳು ನಕ್ಕಳು.

ಕೊರೆಂಟಿನ್ ನೆರಿಗೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ದಾರ ಸುಲಭಕ್ಕೆ ಬಿಡಲೊಲ್ಲದು.

"ಎಷ್ಟು ಗಟ್ಟಿಯಾಗಿ ಹೊಲ್ದಿದೀಯೋ ಮಾರಾಯ!"

"ಮದುವೆ ಬಟ್ಟೆ ಅಲ್ವಾ."

ಮಾರಿವೋನ್ ಕಾವಲಿಯ ಮೇಲಿನ ದೋಸೆಯನ್ನು ಮಗುಚಿದಳು. "ಆವತ್ತು ನಮ್ಮಪ್ಪನ ಮುಂದೆ ಎಷ್ಟು ಚೆನ್ನಾಗಿ ಮಾತಾಡ್ದೆ. ಅಲಾನ್ ಹಾಗೆ, ಅಲಾನ್ ಹೀಗೆ. ನಾನು ಬಾಗಿಲ ಹಿಂದೇನೇ ನಿಂತಿದ್ದೆ."

"ಸುಳ್ಳೇನೂ ಹೇಳಿರ್ಲಿಲ್ಲ. ಒಳ್ಳೇವ್ನೇ ಅಲ್ವಾ ಅವನು?"

"ಒಳ್ಳೇವ್ನೇ. ನಾನೇನು ಅಳ್ತಾ ಬಾಳ್ಲಿಲ್ಲ." ಅವಳು ತಿರುಗಿ ನೋಡಲಿಲ್ಲ. "ಆದ್ರೆ ನೀನು ಅಂಗಳಕ್ಕೆ ಬಂದಾಗ, ನಿನಗೋಸ್ಕರಾನೇ ನನ್ನ ಕೇಳೋಕೆ ಬಂದೆ ಅಂದ್ಕೊಂಡಿದ್ದೆ. ಓಡಿಹೋಗಿ ಹೊಸ ಟೋಪಿ ಇಟ್ಕೊಂಡಿದ್ದೆ."

ಹತ್ತಾರು ಮನೆಗಳಲ್ಲಿ ಹತ್ತಾರು ಗಂಡುಗಳನ್ನು ಹೊಗಳಿದ್ದ ಕೊರೆಂಟಿನ್ ಬಿಚ್ಚಿದ ದಾರದ ತುಂಡೊಂದನ್ನು ಬೆರಳಿಗೆ ಸುತ್ತಿಕೊಂಡ. ಒಲೆಯ ಮೇಲೆ ದೋಸೆ ಸೀಯತೊಡಗಿತು.

"ಯಾಕೆ ಹೇಳ್ಲಿಲ್ಲ?" ಎಂದ.

"ನೀನು ಕೇಳ್ಲಿಲ್ಲ."

ಅವನು ತಲೆ ತಗ್ಗಿಸಿದ. ಬಿಚ್ಚಿದ ನೆರಿಗೆಗಳ ಒಳಗೆ, ಬಿಸಿಲು ತಾಗದ ಬಟ್ಟೆ ಹೊಸದರಂತೆ ಗಾಢ ಕಂದು ಬಣ್ಣದಲ್ಲೇ ಇತ್ತು. ಮಾರಿವೋನ್ ಕಾವಲಿಯನ್ನು ಕೆಳಗಿಳಿಸಿ, ಮೇಜಿನ ಬಳಿಗೆ ಬೆಂಚು ಎಳೆದುಕೊಂಡು, ಸೊಂಟಪಟ್ಟಿಯ ಇನ್ನೊಂದು ತುದಿಯಿಂದ ಹೊಲಿಗೆ ಬಿಚ್ಚಲು ಕೂತಳು. ಇಬ್ಬರ ನಡುವೆ ಇನ್ನೂ ನಲವತ್ತು ನೆರಿಗೆಗಳಿದ್ದವು.