ಚೊಕ್ಕ ಔಷಧ

ಬೆಲ್ಲದ ಬಾಗೇವಾಡಿಯ ಜೈನರ ಮನೆಯ ಜಿನ್ನವ್ವ ಸೋಸದ ನೀರು ಕುಡಿದವಳಲ್ಲ, ಹೊತ್ತು ಮುಳುಗಿದ ಮೇಲೆ ತುತ್ತು ಎತ್ತಿದವಳಲ್ಲ. ಅಂಥವಳಿಗೆ ಸಕ್ಕರೆ ಕಾಯಿಲೆ ಬಂದು, ದಿನವೂ ಇನ್ಸುಲಿನ್ ಚುಚ್ಚಿಸಿಕೊಳ್ಳಬೇಕಾಯಿತು. ಆಗ ಅವಳಿಗೆ ಸಿಗುತ್ತಿದ್ದದ್ದು ಕಸಾಯಿಖಾನೆಯ ದನದ ಒಡಲಿನಿಂದ ತೆಗೆದದ್ದು. ಸೊಸೆ ತ್ರಿಶಲಾಳಿಗೆ ಇದು ಮೊದಲೇ ಗೊತ್ತಿತ್ತು. "ಚೊಕ್ಕ ಐತೇನ?" ಎಂದು ಅತ್ತೆ ಕೇಳಿದಾಗೆಲ್ಲ "ಚೊಕ್ಕ ಐತ್ರಿ ಅತ್ತಿ" ಎನ್ನುತ್ತಿದ್ದಳು. ಸುಳ್ಳೇ. ಆದರೆ ಆ ಸುಳ್ಳಿನಿಂದಲೇ ಮುದುಕಿ ಮೊಮ್ಮಕ್ಕಳನ್ನು ಎತ್ತಿ ಆಡಿಸಿದಳು. ತಪ್ಪೆನ್ನುವವರು ಆ ಮನೆಯಲ್ಲಿ ಒಂದು ದಿನ ಸೊಸೆಯಾಗಿರಲಿ.

೧೯೯೬ರಲ್ಲಿ ಗೋಕಾಕದ ಹೊಸ ಡಾಕ್ಟರು, ಜಿನ್ನವ್ವ ಕೇಳಿದ್ದಕ್ಕೆ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ಹೇಳಿದವರಿಗೇನು, ಮುಂದಿನ ರೋಗಿಯನ್ನು ಕರೆದರು. ಮರುದಿನ ಸೊಸೆ ಸೂಜಿ ತಂದಾಗ ಜಿನ್ನವ್ವ ಕೈ ಹಿಂದಕ್ಕೆಳೆದುಕೊಂಡಳು.

ಮಗ ಧನ್ಯಕುಮಾರ ಕೊಲ್ಹಾಪುರಕ್ಕೆ ಓಡಿ ಹೊಸ ಬಗೆಯ ಇನ್ಸುಲಿನ್ ತಂದ. ಅದಕ್ಕೆ ಯಾವ ದನವನ್ನೂ ಕಡಿಯಬೇಕಿರಲಿಲ್ಲ. ಅಷ್ಟರಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು.

"ಇದು ಖರೇನ ಚೊಕ್ಕ ಐತ್ರಿ" ಎಂದಳು ತ್ರಿಶಲಾ.

"ಅದೂ ಚೊಕ್ಕನ ಇತ್ತಲ್ಲ" ಎಂದಳು ಜಿನ್ನವ್ವ. "ಉದ್ದವ್ವನ್ನ ಕರಿ."

ಉದ್ದವ್ವ ಅವರ ಹೊಲಕ್ಕೆ ಕೆಲಸಕ್ಕೆ ಬರುವವಳು, ಬೌದ್ಧರ ಮನೆಯವಳು, ಜಿನ್ನವ್ವನ ಓರಗೆಯವಳು. ಮಾಂಸ ತಿಂದದ್ದನ್ನೂ ಗೆಳತಿಯ ಮುಂದೆ ಮುಚ್ಚಿಟ್ಟವಳಲ್ಲ. ಬಾಗಿಲಲ್ಲೇ ತ್ರಿಶಲಾ ಅವಳ ಕೈ ಹಿಡಿದುಕೊಂಡಳು. "ನಿನ್ನ ಮಾತಷ್ಟ ನಂಬ್ತಾರ. ಹೌದು ಅಂದಬಿಡು."

"ಉದ್ದವ್ವಾ, ಇದು ಚೊಕ್ಕ ಐತೇನ?" ಎಂದು ಜಿನ್ನವ್ವ ಕೇಳಿದಳು.

ಉದ್ದವ್ವನ ಕಣ್ಣು ತುಂಬಿದವು. ಕೊಲ್ಲಬಾರದು, ಸುಳ್ಳಾಡಬಾರದು ಎಂದು ಇವಳ ಧರ್ಮವೂ ಹೇಳುತ್ತದೆ, ಅವಳ ಧರ್ಮವೂ ಹೇಳುತ್ತದೆ. ಆ ಎರಡು ಮಾತೂ ಸೇರಿ ಈಗ ಒಂದು ಜೀವದ ಮೇಲೆ ಕೂತಿದ್ದವು.

"ತ್ರಿಶಲಾ ಹೌದಂತಾಳ, ಜಿನ್ನಕ್ಕಾ. ನನಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನಿನ್ನ ಮುಂದ ಹೆಂಗ ಹೇಳ್ಲಿ?"

ಜಿನ್ನವ್ವ ಅವಳ ಕೈ ಸವರಿದಳು. "ನೀನರ ಖರೆ ಹೇಳಿದಿ" ಎಂದು ತನ್ನ ತೋಳನ್ನು ಕೌದಿಯೊಳಗೆ ಎಳೆದುಕೊಂಡಳು. ಆ ವಾರ ದಾಟಲಿಲ್ಲ.

ಎಲ್ಲ ಮುಗಿದ ಮೇಲೆ ಉದ್ದವ್ವ ಹಿತ್ತಲ ಬಾಗಿಲಿಗೆ ಬಂದಳು. ತ್ರಿಶಲಾಳಿಗೆ ಅವಳ ಮೇಲೆ ಸಿಟ್ಟಿತ್ತು, ಬಾ ಅನ್ನಲಿಲ್ಲ.

"ತಂಗೀ, ಒಂದ ಮಾತ ಕೇಳ್ತೀನಿ. ಆ ಹೊಸ ಔಷಧ ಖರೇನ ಚೊಕ್ಕ ಇತ್ತೇನ?"

"ಇತ್ತು."

ಉದ್ದವ್ವ ಅವಳ ಮುಖವನ್ನೇ ನೋಡಿದಳು. ಅತ್ತೆಯೂ ಕೊನೆಗೆ ಹೀಗೆಯೇ ನೋಡಿದ್ದಳು.

"ಇತ್ತು, ಉದ್ದವ್ವಾ" ಎಂದು ತ್ರಿಶಲಾ ಅಳತೊಡಗಿದಳು.

"ಇರಬಹುದವ್ವಾ" ಎಂದಳು ಉದ್ದವ್ವ.