ಸ್ವೀಡನ್ನಿನ ರದ್ದಿ, ಮೈಸೂರಿನ ಪೆಟ್ಟಿಗೆ

ನಾನೊಂದು ರಟ್ಟಿನ ಪೆಟ್ಟಿಗೆ. ನನಗೆ ಎರಡು ಹುಟ್ಟು. ಮೊದಲನೆಯದು ಸ್ವೀಡನ್ನಿನಲ್ಲಿ, ಹಿಮ ಬೀಳುವ ಕಾಡಿನ ಮರದಿಂದ. ಅಲ್ಲಿ ಯಾರದೋ ಮನೆಗೆ ಬಿಸ್ಕತ್ತು ಹೊತ್ತು, ಮರುದಿನವೇ ಕಸವಾದೆ. ರದ್ದಿಯ ಹೊರೆಯಾಗಿ ಹಡಗು ಹತ್ತಿ ಮಂಗಳೂರಿಗೆ ಬಂದೆ. ನಂಜನಗೂಡಿನ ಬಳಿಯ ಒಂದು ಗಿರಣಿಯಲ್ಲಿ ನನ್ನನ್ನು ನೆನೆಸಿ, ಅರೆದು, ಒಣಗಿಸಿ ಮತ್ತೆ ರಟ್ಟು ಮಾಡಿದರು. ದೋಸೆಗೆ ಹಾಕಿದ ಅಕ್ಕಿಯನ್ನೂ ಅಷ್ಟು ರುಬ್ಬುವುದಿಲ್ಲ ಬಿಡಿ!

ಅಲ್ಲಿಂದ ಸೇರಿದ್ದು ಮೈಸೂರಿನ ಲಿಂಗರಾಜಮ್ಮಣ್ಣಿಯವರ ಪೆಟ್ಟಿಗೆ ಕಾರ್ಖಾನೆಗೆ. ಎಲ್ಲರ ಬಾಯಲ್ಲೂ ಅವರು ಅಮ್ಮಣ್ಣಿ. ಅವರ ತಂದೆ ನಡೆಸುತ್ತಿದ್ದ ಕಾಗದದ ಅಂಗಡಿಗೆ ಒಳ್ಳೆಯ ಕಾಗದ ಸುರುಳಿ ಸುರುಳಿಯಾಗಿ ಸ್ವೀಡನ್ನಿನಿಂದ ಬರುತ್ತಿತ್ತಂತೆ. ಇಲ್ಲಿಂದ ಅಲ್ಲಿಗೆ ಒಂದು ಹಾಳೆಯೂ ಹೋಗುತ್ತಿರಲಿಲ್ಲ. ಅಂಥ ಮನೆಯಲ್ಲಿ ಬೆಳೆದ ಅಮ್ಮಣ್ಣಿಗೆ ಕಾಗದವೆಂದರೆ ಪ್ರಾಣ. ಬಂದ ಲಕೋಟೆಯನ್ನು ಬಿಚ್ಚಿ ಒಳಮಗ್ಗುಲಲ್ಲಿ ಬರೆಯುತ್ತಿದ್ದರು.

ಆ ವರ್ಷ ಸ್ವೀಡನ್ನಿನ ವ್ಯಾಪಾರಿ ನೀಲ್ಸ್ ಬರುವವನಿದ್ದ. ಅವನು ಕೊಳ್ಳುತ್ತಿದ್ದ ಊದುಬತ್ತಿ ಮೈಸೂರಿನದು, ತುಂಬುವ ಪೆಟ್ಟಿಗೆ ಮಾತ್ರ ಅವನ ದೇಶದ್ದು. ನಮ್ಮ ರಟ್ಟನ್ನು ಅವನು ನಂಬುತ್ತಿರಲಿಲ್ಲ. ಅಮ್ಮಣ್ಣಿಯ ಹಳೆಯ ಗಿರಾಕಿಗಳೆಲ್ಲ ಆಗಲೇ ಪ್ಲಾಸ್ಟಿಕ್ಕಿಗೆ ಹೋಗಿದ್ದರು. ನೀಲ್ಸ್ ಒಪ್ಪದಿದ್ದರೆ ಕಾರ್ಖಾನೆಗೆ ಬೀಗ.

ಹೊಸ ಪೆಟ್ಟಿಗೆ ತಯಾರಾದಾಗಲೆಲ್ಲ ಅದರ ಮೇಲೆ ತಾವೇ ಹತ್ತಿ ನಿಂತು ನೋಡುವುದು ಅಮ್ಮಣ್ಣಿಯ ಪದ್ಧತಿ. ಅವರದು ಭಾರೀ ಶರೀರ. ನೀಲ್ಸ್ ಬರುವ ದಿನ ಬೆಳಿಗ್ಗೆಯೂ ಮಾದರಿ ಪೆಟ್ಟಿಗೆಯ ಮೇಲೆ ನಿಂತರು. ಅದು ಪುಸ್ಸನೆ ಕುಸಿದು, ಅಮ್ಮಣ್ಣಿ ನೆಲಕ್ಕೆ ಕೂತರು.

“ಏಟಾಯ್ತಾ ಅಮ್ಮಣ್ಣಿ?” ಪೆಟ್ಟಿಗೆಗಳಿಗೆ ಪಿನ್ನು ಹೊಡೆಯುವ ಜಯಶೀಲ ಓಡಿಬಂದಳು.

“ನಂಗೇನೂ ಆಗಿಲ್ಲ ಕಣೇ. ನನ್ನ ಜಿಪುಣತನಕ್ಕೆ ಏಟು ಬಿತ್ತು, ಅಷ್ಟೇಯ.”

ರಟ್ಟಿನ ಹೊಟ್ಟೆಯೊಳಗೆ ಅಲೆ ಅಲೆಯಾದ ಮಡಿಕೆಗಳಿರುತ್ತವೆ. ಪೆಟ್ಟಿಗೆಯ ಗೋಡೆಯಲ್ಲಿ ಅವು ಕಂಬದಂತೆ ನೆಟ್ಟಗೆ ನಿಂತರೆ ಮಾತ್ರ ಭಾರ ತಡೆಯುತ್ತದೆ. ಅಷ್ಟೇ ಹಾಳೆಗಳಲ್ಲಿ ಇನ್ನೊಂದು ಪೆಟ್ಟಿಗೆ ಹೆಚ್ಚು ಬರಲಿ ಎಂಬ ಆಸೆಗೆ ಬಿದ್ದು, ಅಮ್ಮಣ್ಣಿ ಹಾಳೆಯನ್ನು ಅಡ್ಡ ತಿರುಗಿಸಿ ಕತ್ತರಿಸಿದ್ದರು. ಮಡಿಕೆಗಳು ಮಲಗಿಬಿಟ್ಟಿದ್ದವು.

ಆಮೇಲೆ ಸರಿಯಾಗಿ ಕತ್ತರಿಸಿ ಮಾಡಿದ್ದೇ ನನ್ನನ್ನು. ಅಂಗೈ ಅಗಲದ ಪಟ್ಟಿಯೊಂದು ಹಾಳಾಯಿತು. ಅದನ್ನು ಬಿಸಾಡುವಾಗ ಅಮ್ಮಣ್ಣಿ ಮುಖ ಅತ್ತ ತಿರುಗಿಸಿಕೊಂಡರು. ಮತ್ತೆ ಹತ್ತಿ ನೋಡುವಷ್ಟು ಹೊತ್ತಿರಲಿಲ್ಲ. ನೀಲ್ಸ್ ಬಂದೇಬಿಟ್ಟ.

ಅವನು ನನ್ನ ಅಂಚನ್ನು ಉಗುರಿನಿಂದ ಕೆರೆದು, ಇದು ಹಳೇ ಕಾಗದದ ರಟ್ಟು, ಬೇಡ ಎಂದು ತಲೆಯಾಡಿಸಿದ. “ಹೌದು, ನಿಮ್ಮೂರಿನದೇ ಹಳೇ ಕಾಗದ,” ಎಂದು ಅಮ್ಮಣ್ಣಿ ಇಂಗ್ಲಿಷಿನಲ್ಲಿ ಹೇಳಿ, ಚಪ್ಪಲಿ ಬಿಟ್ಟು, ಜಯಶೀಲಳ ಹೆಗಲು ಹಿಡಿದು ನನ್ನ ಮೇಲೆ ಹತ್ತಿದರು. ತಡೆಯುತ್ತೇನೋ ಇಲ್ಲವೋ. ಸವೆದ ನಾರು ನನ್ನದು! ಅವರೂ ಕಾಲ್ಬೆರಳುಗಳನ್ನು ನನ್ನ ಮೇಲೆ ಬಿಗಿಯಾಗಿ ಊರಿಕೊಂಡಿದ್ದರು. ಅದು ಗೊತ್ತಾದದ್ದು ನನಗೊಬ್ಬನಿಗೇ.

“ಜಯಶೀಲ, ಕಾಫಿ ತಾರೇ. ಇಲ್ಲೇ ಕುಡೀತೀನಿ.”

ಕಾಫಿ ಬಂತು. ಅಮ್ಮಣ್ಣಿ ನಿಂತಲ್ಲೇ ಗುಟುಕು ಗುಟುಕಾಗಿ ಕುಡಿದರು. ನಾನು ಹಲ್ಲು ಕಚ್ಚಿ ನಿಂತೆ. ಲೋಟ ಖಾಲಿಯಾಗುವ ಮೊದಲೇ ನೀಲ್ಸ್ ನಕ್ಕು ಕೈ ಚಾಚಿದ.

ಅಂದಿನಿಂದ ನನ್ನ ತಮ್ಮಂದಿರು ಕಂಟೇನರುಗಟ್ಟಲೆ ಸ್ವೀಡನ್ನಿಗೆ ಹೋಗುತ್ತಿದ್ದಾರೆ. ಮಾದರಿಯೆಂದು ನನ್ನನ್ನು ಬೀರುವಿನ ಮೇಲಿಟ್ಟರು. ಪೆಟ್ಟಿಗೆಯಾಗಿ ಹುಟ್ಟಿ ಒಂದು ಊದುಬತ್ತಿಯನ್ನೂ ತುಂಬಿಕೊಳ್ಳಲಿಲ್ಲವೆಂಬ ಬೇಜಾರು ನನಗೆ ಇದ್ದೇ ಇದೆ. ಅಮ್ಮಣ್ಣಿ ತೀರಿಕೊಂಡು ಕೆಲವು ವರ್ಷವಾಯಿತು. ಪೆಟ್ಟಿಗೆಗಳನ್ನು ಒತ್ತಿ ನೋಡಲು ಈಗ ಯಂತ್ರವಿದೆ. ಜಯಶೀಲ ಆಗಾಗ ನನ್ನನ್ನು ಕೆಳಗಿಳಿಸಿ ದೂಳು ಒರೆಸುತ್ತಾಳೆ. ಮೇಲೆ ಮೂಡಿರುವ ಎರಡು ಪಾದಗಳ ಗುರುತು ಬಂದಾಗ ಬಟ್ಟೆ ಬದಿಗಿಟ್ಟು, ಅಲ್ಲಿನ ದೂಳನ್ನು ಬಾಯಿಂದ ಮೆಲ್ಲಗೆ ಊದುತ್ತಾಳೆ.